ಕಣಗಿಲೆಗೆ ಎರಡು ಕೊಡ ನೀರು

ಹೊನ್ನೂರಕ್ಕ,

ನೀವು ತೀರಿಕೊಂಡು ತಿಂಗಳಾಯಿತು. ಇದು ನಿಮಗೆ ತಲುಪಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ನಾನು ತಳಕಿನ ರಶ್ಮಿತಾ. ನಮ್ಮ ಹೂಗಿಡದ ಗ್ರೂಪಿನಲ್ಲಿ ನಿಮ್ಮ ಪ್ರತಿ ವಾಯ್ಸ್ ಮೆಸೇಜಿಗೂ ಎಲ್ಲರಿಗಿಂತ ಮೊದಲು ಹಾರ್ಟ್ ಒತ್ತುತ್ತಿದ್ದವಳು.

ಇವತ್ತು ಮೊದಲ ಸಲ ನಿಮ್ಮೂರು ಬಿ.ಜಿ. ಕೆರೆಗೆ, ನಿಮ್ಮ ಮನೆಗೆ ಹೋಗಿದ್ದೆ. ನೀವು ಫೋಟೊ ಹಾಕುತ್ತಿದ್ದ ಕೆಂಪು ಕಣಗಿಲೆಯ ಬುಡದಲ್ಲಿ ನೀರು ನಿಂತು ಕೆಸರಾಗಿತ್ತು. ಎಲೆ ಹಳದಿಯಾಗಿ ಉದುರುತ್ತಿತ್ತು. ನಿಮ್ಮ ಅತ್ತೆ ಕೆಂಚಕ್ಕಜ್ಜಿ ಇನ್ನೊಂದು ಕೊಡ ಎತ್ತಿಕೊಂಡು ಬಂದರು.

"ಮನೆಗೇ ನಲ್ಲಿ ಬಂದೈತೆ ಕಣವ್ವ, ನೀರಿಗೇನು ಬರ ಇಲ್ಲ. ದಿನಾ ಎಲ್ಡು ಕೊಡ ಹಾಕ್ತೀನಿ. ಆದ್ರೂ ಒಣಗ್ತೈತೆ. ಸೊಸೆ ಇಲ್ಲ ಅಂತ ಕೊರಗ್ತೈತೇನೋ."

ನೀರು ಹೆಚ್ಚಾದರೆ ಕಣಗಿಲೆಯ ಬೇರು ಕೊಳೆಯುತ್ತದೆ ಅಂತ ನೀವೇ ಹೇಳಿಕೊಟ್ಟಿದ್ದಿರಿ. ಆ ಮಾತು ಬಾಯಿಗೆ ಬಂತು. ಅಜ್ಜಿಯ ಮುಖ ನೋಡಿ ನುಂಗಿಕೊಂಡೆ.

"ಅಜ್ಜಿ, ಇನ್ಮೇಲೆ ನೀವು ಹಾಕ್ಬೇಡ್ರಿ. ಭಾನುವಾರ ಭಾನುವಾರ ತಳಕಿನಿಂದ ನಾನೇ ಬಂದು ಹಾಕ್ತೀನಿ."

"ಅಷ್ಟು ದೂರದಿಂದ ಬರ್ತೀಯಾ?"

"ಬಸ್ಸಲ್ಲಿ ಅರ್ಧ ಗಂಟೆ, ಅಷ್ಟೇ."

ಅಜ್ಜಿ ಕೊಡ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅವ್ಳು ಹಾಸಿಗೆ ಹಿಡಿದಾಗ ನಿನ್ನೇ ನೆನಸ್ತಿದ್ಲು. 'ತಳಕಿನ ಹುಡುಗಿ ಗಿಡ ನೋಡಾಕೆ ಬರ್ತೀನಿ ಅಂದೈತೆ, ಬಂದ್ರೆ ನನ್ನ ಎಬ್ಬಿಸು ಅತ್ತೆ' ಅಂತಿದ್ಲು."

ಅಕ್ಕ, ನಾನು ಕಣಗಿಲೆಯ ಬುಡದಲ್ಲಿ ಕೂತು, ನಿಂತ ನೀರು ಹರಿದುಹೋಗಲಿ ಅಂತ ಬೆರಳಿನಿಂದ ಮಣ್ಣು ಸರಿಸುತ್ತಾ ಇದ್ದೆ.