ನಿನ್ನೆಯ ನೀರು

ಮನೆ, ಹಿಂದಿನ ವರಾಂಡ
ಏಪ್ರಿಲ್ ಇಪ್ಪತ್ತೆಂಟು, ಬೆಳಿಗ್ಗೆ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ಆರೋಗ್ಯ ಹೇಗಿದೆ? "ಚೆನ್ನಾಗಿದ್ದೀನಮ್ಮ" ಎಂದು ಹೇಳಬೇಡ. ಜ್ವರದಲ್ಲಿ ಹಲ್ಲು ಕಟಕಟ ಎನ್ನುವಾಗಲೂ ಹಾಗೇ ಹೇಳಿದವನು ನೀನು. ಕೆಮ್ಮು ಹೋಯಿತೋ ಇಲ್ಲವೋ, ಅಷ್ಟು ಹೇಳು. ಬೋರಿಗೆ ಕಲ್ಲು ಕೊರೆಯುವಾಗ ಏಳುವ ಬಿಳಿ ಧೂಳು ಎದೆಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊ. ಜೊತೆಯವರು ನಗುತ್ತಾರೆ ಎನ್ನುತ್ತೀಯ, ನಗಲಿ. ನಿಮ್ಮಪ್ಪ ಬೋರ್ ಕೊರೆಯುವಾಗ ಬಟ್ಟೆ ಕಟ್ಟಲಿಲ್ಲ, ಯಾರೂ ನಗಲೂ ಇಲ್ಲ, ಈಗ ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಾರೆ. ಕಿವಿಗೆ ಹತ್ತಿಯನ್ನೂ ಇಟ್ಟುಕೊ. ಅವರಿಗೆ ಈಗ ತಮಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ. ಅಂಥವರು ಮನೆಗೆ ಒಬ್ಬರಿದ್ದರೆ ಸಾಕು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನಿನಲ್ಲಿ ನನಗೆ ಕೇಳುವುದು ಬೋರ್ ಗಾಡಿಯ ಸದ್ದು, ನಡುನಡುವೆ ನಿನ್ನ "ಹ್ಞೂ". ಪತ್ರವಾದರೆ ನೀನು ಹ್ಞೂಗುಟ್ಟಿ ಕೆಳಗಿಡಲಾರೆ, ಪೂರ್ತಿ ಓದಲೇಬೇಕು. ನಮ್ಮ ಬಡಾವಣೆಯಲ್ಲಿ ಹೊಸ ಬೋರ್ ಕೊರೆಯುವ ಕೆಲಸ ನಿನಗೇ ಎಂದು ಸಂಘದ ಅಧ್ಯಕ್ಷರು ಹೇಳಿದ್ದರಲ್ಲ, ನಿನ್ನೆ ಅದು ರದ್ದಾಯಿತು. ಅವರು ನಿನಗೆ ಫೋನ್ ಮಾಡುತ್ತಾರೆ, ಆದರೆ ಕಾರಣ ಹೇಳಲಾರರು, ಸಂಕೋಚದ ಮನುಷ್ಯ. ಕಾರಣ ನಾನು. ಬೇರೆಯವರ ಬಾಯಿಂದ ನೀನು ಅದನ್ನು ಕೇಳಬಾರದು ಎಂದೇ ಬರೆಯಲು ಕೂತಿದ್ದೇನೆ.

ನೀನು ಹೋದಾಗಿನಿಂದ ಇಲ್ಲಿ ಎಷ್ಟು ಮನೆಗಳೆದ್ದಿವೆ ಎಂದರೆ ನಮ್ಮ ತಾರಸಿಯಿಂದ ಈಗ ಆಕಾಶ ಕಾಣಬೇಕಾದರೆ ಕತ್ತು ನೋಯಿಸಿಕೊಳ್ಳಬೇಕು. ಬಯಲಿದ್ದ ಕಡೆ ಎರಡು ಅಪಾರ್ಟ್‌ಮೆಂಟ್ ಬಂದು ಮೂರನೆಯದಕ್ಕೆ ಕಂಬ ಎದ್ದಿದೆ. ಇಷ್ಟೂ ಜನಕ್ಕೆ ಕುಡಿಯಲು ಇರುವುದು ನಿಮ್ಮಪ್ಪ ಕೊರೆದ ಆ ಒಂದು ಬೋರು. ಬಳಕೆಗೆ ಟ್ಯಾಂಕರಿನ ಉಪ್ಪುನೀರು ಬರುತ್ತದೆ, ಅದರಲ್ಲಿ ಬಟ್ಟೆ ಒಗೆಯಬಹುದೇ ಹೊರತು ಬಾಯಿಗೆ ಹಾಕುವಂತಿಲ್ಲ. ಆ ಬೋರಿನ ಸಿಹಿನೀರು ತುಂಬುವ ಟ್ಯಾಂಕಿನಿಂದ ಬೆಳಿಗ್ಗೆ ಒಂದು ಗಂಟೆ ಕಾಲ ನೀರು ಬಿಡುತ್ತಾರೆ. ಮುಂದಿನ ಬೀದಿಗಳವರು ಹಿಡಿದು ಮುಗಿಸುವಷ್ಟರಲ್ಲಿ ಕೊನೆಯ ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ ಬುಸುಗುಡುತ್ತದೆ. ಅಲ್ಲಿರುವ ಟೈಲರಮ್ಮ, ಹೌದು, ನಿನ್ನ ಶಾಲೆಯ ಚಡ್ಡಿಗಳನ್ನೆಲ್ಲ ಹೊಲಿದವಳೇ, ಕೊಡ ಹಿಡಿದು ನಮ್ಮ ಬೀದಿಗೆ ಬಂದು ಬೇಡಿ ಒಯ್ಯುವಂತಾಗಿತ್ತು.

ಅದಕ್ಕೆ ಟ್ಯಾಂಕಿನ ಪಕ್ಕದಲ್ಲೇ, ಹಳೆಯ ಬೋರಿನ ಹತ್ತಿರವೇ, ಇನ್ನೊಂದು ಬೋರ್ ಕೊರೆಸೋಣ ಎಂದು ಅಧ್ಯಕ್ಷರು ಹೊರಟರು. ನಿನಗೆ ಗೊತ್ತಲ್ಲ, ಬಸ್ ಡಿಪೋದಲ್ಲಿ ಮ್ಯಾನೇಜರ್ ಆಗಿದ್ದವರು, ಈಗಲೂ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ಆಸೆ. ನಮ್ಮ ಮನೆಗೇ ಬಂದು, "ಹೊರಗಿನವರಿಗೆ ಯಾಕಮ್ಮ, ನಿಮ್ಮ ಮಗನೇ ಬಂದು ಕೊರೀಲಿ, ನಾಲ್ಕು ದಿನ ಮನೆ ಊಟ ಮಾಡಿದಂಗೂ ಆಗುತ್ತೆ" ಎಂದರು. ಅವರು ಗೇಟು ದಾಟುವ ಮೊದಲೇ ನಿನ್ನ ಹೆಂಡತಿ ಅಟ್ಟದ ಮೇಲಿಂದ ನಿನ್ನ ಹಾಸಿಗೆ ಇಳಿಸಿ ಬಿಸಿಲಿಗೆ ಹಾಕಿದಳು. ಅವಳು ಆಸ್ಪತ್ರೆಯ ಲ್ಯಾಬಿನಿಂದ ದಣಿದು ಬಂದವಳು, ಆದರೂ ಅವತ್ತು ಪರದೆಗಳನ್ನೂ ಒಗೆದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ನಿಮ್ಮಪ್ಪ ಮಾತ್ರ ಊಟ ಬಿಟ್ಟರು. ಯಾಕೆ ಎಂದು ಕಿವಿಯ ಹತ್ತಿರ ಹೋಗಿ ಕೇಳಿದರೆ, "ಅಷ್ಟು ಹತ್ತಿರ ಕೊರೆದ್ರೆ ಹೊಸದು ಹಳೇದರ ಬಾಯಿಂದ ಕಿತ್ಕೊಂಡು ಕುಡಿಯುತ್ತೆ. ಒಂದು ಬೇಸಿಗೆ ಕಳೆಯೋದ್ರೊಳಗೆ ಎರಡೂ ಡ್ರೈ" ಎಂದರು. ಇದು ನಿನಗೂ ಗೊತ್ತು. ನಾನೂ ಬೋರ್ ಗಾಡಿಯ ದುಡಿಮೆಯಲ್ಲಿ ಸಂಸಾರ ಮಾಡಿದವಳು, ಆ ದುಡಿಮೆಯನ್ನು ಹೀಗಳೆಯುವವಳಲ್ಲ. ಆದರೆ ಇರುವ ಸಿಹಿನೀರನ್ನು ಒಣಗಿಸಲು ನನ್ನ ಮಗನ ಕೈಯೇ ಬೇಕೆ? ಹೀಗಾಗಿ ಸಂಘದ ಸಭೆಯಲ್ಲಿ ಎದ್ದು ನಿಂತು, ನಮ್ಮ ಮನೆಯ ಮತ ಬೋರ್ ಬೇಡ ಎನ್ನುವುದಕ್ಕೆ ಎಂದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮಾ, ನಿಮ್ಮ ಮಗನ ಹೊಟ್ಟೆ ಮೇಲೆ ನೀವೇ ಹೊಡೀತಿದ್ದೀರಲ್ಲ" ಎಂದರು. "ನನ್ನ ಮಗನ ಹೊಟ್ಟೆ ನನಗಿರಲಿ, ನೀವು ಸಿಹಿನೀರಲ್ಲಿ ಕಾರು ತೊಳೆಯೋದು ಬಿಡಿ" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಟೈಲರಮ್ಮ ನಗಲಿಲ್ಲ. "ನಿಮ್ಮ ಮಾತು ಚೆನ್ನಾಗಿದೆ, ಆದ್ರೆ ನಮ್ಮ ಕೊಡಕ್ಕೆ ಬೀಳಲ್ಲ" ಎಂದಳು. ಅವಳದು ನ್ಯಾಯವಾದ ಮಾತು. ಕಡೆಗೆ ತಿಂಗಳ ಕೊನೆಯವರೆಗೆ ನನಗೆ ಅವಕಾಶ ಕೊಟ್ಟರು. ನೀರು ಉಳಿಸಿ ಕೊನೆಯ ಬೀದಿಗೆ ಮುಟ್ಟಿಸಿದರೆ ಬೋರ್ ಇಲ್ಲ, ಇಲ್ಲದಿದ್ದರೆ ನಾನು ಬಾಯಿ ತೆಗೆಯುವಂತಿಲ್ಲ.

ಅವತ್ತು ರಾತ್ರಿ ನಿನ್ನ ಹೆಂಡತಿ ಹಾಸಿಗೆಯನ್ನು ಸುತ್ತಿ ಮತ್ತೆ ಅಟ್ಟಕ್ಕೆ ಹಾಕಿದಳು. ಮರುದಿನದಿಂದ ನನಗೆ ಹೇಳಬೇಕಾದದ್ದನ್ನೆಲ್ಲ ನಿಮ್ಮಪ್ಪನ ಮೂಲಕ ಹೇಳತೊಡಗಿದಳು. "ಮಾವ, ಊಟಕ್ಕೆ ಬರೋಕೆ ಅತ್ತೆಗೂ ಹೇಳಿ" ಎನ್ನುತ್ತಾಳೆ. ಮಾವನಿಗೆ ಊಟ ಎನ್ನುವುದೊಂದೇ ಕೇಳಿಸುತ್ತದೆ, ತಾವೊಬ್ಬರೇ ಹೋಗಿ ಕೂರುತ್ತಾರೆ. ಹೀಗೆ ಎರಡು ಸಲ ಆರಿದ ಅನ್ನ ಉಂಡಿದ್ದೇನೆ.

ಆಮೇಲೆ ನಾನು ಮನೆಮನೆ ತಿರುಗಿದೆ. ಸೋರುವ ನಲ್ಲಿಗಳಿಗೆ ವಾಷರ್ ಹಾಕಿಸಿದೆ, ಗಿಡಕ್ಕೆ ಬಿಟ್ಟಿದ್ದ ಪೈಪುಗಳನ್ನು ಕೀಳಿಸಿದೆ. ಒಂದು ಮನೆಯಲ್ಲಿ ನಾಯಿಗೆ ಸಿಹಿನೀರಿನ ಸ್ನಾನ ನಡೆಯುತ್ತಿತ್ತು, ಅದನ್ನು ನಿಲ್ಲಿಸಿದ್ದಕ್ಕೆ ಆ ನಾಯಿಯೊಂದೇ ನನ್ನನ್ನು ಕಂಡರೆ ಬಾಲ ಆಡಿಸುತ್ತದೆ. ಜನ ಬೆನ್ನ ಹಿಂದೆ ನನಗೆ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟರು. ಇಷ್ಟೆಲ್ಲ ಆದರೂ ಟ್ಯಾಂಕು ಎಂದಿನ ಹೊತ್ತಿಗೇ ಬರಿದಾಗುತ್ತಿತ್ತು, ಕೊನೆಯ ಬೀದಿಯಲ್ಲಿ ಗಾಳಿಯೇ ಬರುತ್ತಿತ್ತು. ಅಧ್ಯಕ್ಷರು ನೆಲದ ನೀರು ನೋಡುವವನೊಬ್ಬನನ್ನು ಕರೆತಂದು ಬೋರಿಗೆ ಜಾಗವನ್ನೂ ಗುರುತು ಮಾಡಿಸಿದರು. ನೆಲದ ಮೇಲೆ ಆ ಸುಣ್ಣದ ಗುರುತು ಬಿದ್ದ ಮೇಲೆ ನಾನು ಆ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ನೀರೆಲ್ಲ ಎಲ್ಲಿಗೆ ಹೋಗುತ್ತಿದೆ ನೋಡಿಯೇಬಿಡೋಣ ಎಂದು ಒಂದು ಬೆಳಿಗ್ಗೆ ನೀರು ಬಿಡುವ ಮೊದಲೇ ಟ್ಯಾಂಕಿನ ಹತ್ತಿರ ಹೋಗಿ ನಿಂತೆ. ವಾಲ್ವ್ ಇನ್ನೂ ತಿರುಗಿಸಿರಲಿಲ್ಲ. ಕಾಲ ಕೆಳಗೆ ಸದ್ದು ಕೇಳಿ ನೋಡಿದರೆ ಚರಂಡಿ ತುಂಬಿ ಹರಿಯುತ್ತಿದೆ. ನಲ್ಲಿಯಲ್ಲಿ ನೀರು ಬರುವ ಮೊದಲೇ ಚರಂಡಿಗೆ ನೀರು ಬಂದಿತ್ತು, ಅದೂ ತಿಳಿಯಾದ ನೀರು. ಯಾವ ಕಳ್ಳರ ಕೆಲಸವಪ್ಪ ಇದು ಎಂದು ಚರಂಡಿಯ ಗುಂಟ ಹೊರಟೆ. ಪ್ರತಿ ಮನೆಯ ಹಿತ್ತಲಿನಿಂದಲೂ ಬಂದು ಸೇರುತ್ತಿತ್ತು. ಬೈಗುಳಗಳನ್ನು ಜೋಡಿಸಿಕೊಳ್ಳುತ್ತಾ ನಮ್ಮ ಹಿತ್ತಲಿಗೆ ಬಂದರೆ, ನಿನ್ನ ಹೆಂಡತಿ ಹಂಡೆಯನ್ನು ಬಗ್ಗಿಸಿ ಹಿಂದಿನ ದಿನ ಉಳಿದ ನೀರನ್ನು ಚೆಲ್ಲುತ್ತಿದ್ದಳು. ಪಕ್ಕದಲ್ಲಿ ಎರಡು ಕೊಡ ಆಗಲೇ ಖಾಲಿಯಾಗಿ ಮಗುಚಿಕೊಂಡಿದ್ದವು. ನನ್ನನ್ನು ನೋಡಿ ಅವಳು, ಅಷ್ಟು ದಿನದ ಮೇಲೆ ಮೊದಲ ಸಲ ನೇರವಾಗಿ, "ನಿಮ್ಮ ಮನೆ ಪದ್ಧತಿ ಅತ್ತೆ. ನಿನ್ನೆ ನೀರು ಇವತ್ತಿಗೆ ಆಗಲ್ಲ ಅಂತ ಬಂದ ದಿನವೇ ಹೇಳಿದ್ರಿ" ಎಂದಳು.

ಹೇಳಿದ್ದು ನಿಜ. ನನ್ನ ಮನೆಯಲ್ಲಿ ರಾತ್ರಿ ಕಳೆದ ನೀರನ್ನು ಯಾರೂ ಕುಡಿದಿಲ್ಲ, ನಿನಗೂ ಕುಡಿಸಿಲ್ಲ. ಅವಳು ಬಂದ ಹೊಸದರಲ್ಲಿ ಯಾಕೆ ಚೆಲ್ಲಬೇಕು ಎಂದು ಕೇಳಿದ್ದಕ್ಕೆ, "ನೀರಿಗೂ ರಕ್ತಪರೀಕ್ಷೆ ಮಾಡ್ತೀಯೇನೇ" ಎಂದು ಬಾಯಿ ಮುಚ್ಚಿಸಿದ್ದೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರೆ, ಸರಿ. ಆದರೆ ಸೊಸೆಗೆ ಕಾಣುತ್ತದೆ. ಎಲ್ಲ ಮನೆಗಳಲ್ಲೂ ಇದೇ ಆಗುತ್ತಿತ್ತು ನೋಡು. ನೀರು ಕಡಿಮೆ ಎಂದು ಹೆದರಿ ಹೊಸ ಹೊಸ ಡ್ರಮ್ಮು ತಂದು ತುಂಬಿಡುವುದು, ಬೆಳಗಾದರೆ ಹಳೆಯದೆಂದು ಚೆಲ್ಲಿ ಮತ್ತೆ ಅಷ್ಟೇ ಹಿಡಿಯುವುದು. ನಾನು ಉಳಿಸಿ ಉಳಿಸಿ ಎಂದಷ್ಟೂ ಜನ ತುಂಬಿಡುತ್ತಿದ್ದರು, ತುಂಬಿಟ್ಟಷ್ಟೂ ಚೆಲ್ಲುತ್ತಿದ್ದರು.

ಒಳಗೆ ಒಂದು ಚೊಂಬಿನಲ್ಲಿ ಹಿಂದಿನ ದಿನದ ನೀರು ಉಳಿದಿತ್ತು. ಅದನ್ನು ಮುಂದಿಟ್ಟುಕೊಂಡು ಕೂತೆ. ಕೈ ಮುಂದೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನಿಮ್ಮಪ್ಪ ಬಂದು, ವಿಷಯ ಏನೆಂದು ಸೊಸೆ ಕೂಗಿ ಹೇಳಿದ ಮೇಲೆ, ಚೊಂಬೆತ್ತಿ ಗಟಗಟ ಕುಡಿದು, "ನೆಲದೊಳಗೆ ಎಷ್ಟು ಕಾಲದಿಂದ ಕೂತಿದ್ದ ನೀರೋ ಏನೋ. ನಮ್ಮ ಕೊಡದಲ್ಲಿ ಒಂದು ರಾತ್ರಿ ಮಲಗಿದ್ದಕ್ಕೆ ಹಳೇದಾಗಿಬಿಡ್ತಾ" ಎಂದರು. ಮದುವೆಯಾದಾಗಿನಿಂದ ಅವರು ನನ್ನನ್ನು ವಾದದಲ್ಲಿ ಗೆದ್ದದ್ದು ಇದೇ ಮೊದಲು. ಇದೇ ಕೊನೆಯೂ ಆಗಲಿ.

ಇನ್ನು ಜನಕ್ಕೆ ಹೇಳುವುದು ಹೇಗೆ? ಮಾತು ಕೊಡಕ್ಕೆ ಬೀಳುವುದಿಲ್ಲ ಎಂದು ಗೊತ್ತಾಗಿತ್ತಲ್ಲ. ಒಂದು ಕೊಡವನ್ನು ಚೆನ್ನಾಗಿ ತೊಳೆದು, ತುಂಬಿ, ತಟ್ಟೆ ಮುಚ್ಚಿ, ಮೂರನೆಯ ದಿನ ಬೆಳಿಗ್ಗೆ ಟ್ಯಾಂಕಿನ ಹತ್ತಿರ ಒಯ್ದೆ. ನೀರು ಬಿಡುವ ಹೊತ್ತು, ಜನ ಇದ್ದರು. ಇದು ಮೊನ್ನೆಯ ನೀರು ಎಂದು ಹೇಳಿ ಲೋಟಕ್ಕೆ ಬಗ್ಗಿಸಿಕೊಂಡೆ. ಅಧ್ಯಕ್ಷರು ಗಾಬರಿಯಾಗಿ, "ಬೇಡಮ್ಮ, ನಿಮಗೇನಾದ್ರೂ ಆದ್ರೆ ಸಂಘದ ಮೇಲೆ ಬರುತ್ತೆ" ಎಂದರು. "ಆದ್ರೆ ನಿಮಗೇ ಅನುಕೂಲ. ಬೋರ್ ಕೊರೆಸೋಕೆ ಅಡ್ಡ ಬರೋರು ಇರಲ್ಲ" ಎಂದು ಕುಡಿದೆ. ಗಂಟಲಲ್ಲಿ ಇಳಿಯುವಾಗ ಏನೂ ವ್ಯತ್ಯಾಸ ತಿಳಿಯಲಿಲ್ಲ ಎನ್ನುವುದೇ ನನಗೆ ಸ್ವಲ್ಪ ಅವಮಾನವಾಯಿತು. ಅಷ್ಟರಲ್ಲಿ ನಾನು ಕರೆಯದೆಯೇ ನಿನ್ನ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಡ್ಯೂಟಿಗೆ ಹೊರಟವಳು, ಬಿಳಿ ಕೋಟು ತೋಳಿನ ಮೇಲಿತ್ತು. "ಕೊಡ ತೊಳೆದಿರಬೇಕು, ಮುಚ್ಚಿರಬೇಕು, ಕೈ ಅದ್ದದೆ ಸೌಟಲ್ಲಿ ತೆಗೀಬೇಕು. ಹಾಗಿದ್ರೆ ಎರಡು ಮೂರು ದಿನಕ್ಕೆ ಏನೂ ಆಗಲ್ಲ. ಕೆಡಿಸೋದು ರಾತ್ರಿ ಅಲ್ಲ, ನಮ್ಮ ಕೈ" ಎಂದಳು. ಲೋಟ ತೆಗೆದುಕೊಂಡು ತಾನೂ ಕುಡಿದಳು.

ಮರುದಿನ ನಾನು ಗೇಟಿಗೆ ಬಂದರೆ ಎದುರು ಮನೆಯವರೆಲ್ಲ ಬಾಗಿಲಿಗೆ ಬಂದು ನೋಡಿದರು, ಇದ್ದಾಳೋ ಹೋದಳೋ ಎಂದು. ಬೇಕೆಂದೇ ಆಚೆ ತುದಿಯವರೆಗೆ ನಡೆದು ಬಂದೆ. ಆಮೇಲೆ ಒಂದೊಂದೇ ಮನೆಯವರು ಚೆಲ್ಲುವುದನ್ನು ಬಿಟ್ಟರು. ಖಾಲಿಯಾದಷ್ಟನ್ನೇ ಹಿಡಿಯತೊಡಗಿದರು. ಚರಂಡಿಯ ಸದ್ದು ದಿನದಿಂದ ದಿನಕ್ಕೆ ಇಳಿಯಿತು. ಮೊನ್ನೆ ಬೆಳಿಗ್ಗೆ ಕೊನೆಯ ಬೀದಿಯಿಂದ ಟೈಲರಮ್ಮನ ಧ್ವನಿ ಕೇಳಿಸಿತು: "ಇನ್‌ಸ್ಪೆಕ್ಟರಮ್ಮಾ, ಬೀಳ್ತಾ ಇದೆ ಕೊಡಕ್ಕೆ." ಆ ಹೆಸರನ್ನು ಅವಳೊಬ್ಬಳು ನನ್ನ ಮುಖಕ್ಕೇ ಹೇಳಬಹುದು, ಬೇರೆಯವರು ಹೇಳಿದರೆ ನೋಡಿಕೊಳ್ಳುತ್ತೇನೆ. ನಿನ್ನೆಯ ಸಭೆಯಲ್ಲಿ ಬೋರ್ ಕೈಬಿಟ್ಟರು. ಅಧ್ಯಕ್ಷರೇ ನಿಂತು ಸುಣ್ಣದ ಗುರುತು ಅಳಿಸಿದರು.

ಹೀಗೆ ನಿನ್ನ ಕೈಗೆ ಬಂದ ಕೆಲಸವನ್ನು ನಿನ್ನ ತಾಯಿ ತಪ್ಪಿಸಿದಳು. ಸಿಟ್ಟು ಬಂದಿದ್ದರೆ ಇರಲಿ, ಅದು ನಿನ್ನ ಹಕ್ಕು. ಆದರೆ ನನ್ನನ್ನು ಬೈಯುವ ಮೊದಲು ಒಂದು ವಿಚಾರ ಮಾಡು. ನೀರು ಉಳಿದರೆ ನೀನು ಬರುವುದಿಲ್ಲ ಎಂದು ಗೊತ್ತಿದ್ದೂ ಆ ಹುಡುಗಿ ಬಂದು ನನ್ನ ಪಕ್ಕ ನಿಂತಳು. ನಾನು ಕಳೆದುಕೊಂಡದ್ದು ಒಂದು ಹಠ. ಅವಳು ಬಿಟ್ಟುಕೊಟ್ಟದ್ದು ಅದಕ್ಕಿಂತ ದೊಡ್ಡದು.

ನಿಮ್ಮಪ್ಪ ಕೇಳಿದ್ದಾರೆ ಎಂದು ಬರೆಯಲು ಹೇಳಿದರು. ಟೈಲರಮ್ಮನೂ ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಹಗ್ಗ ಸರಪಳಿಗಳ ಹತ್ತಿರ ಹುಷಾರು, ಬಿಸಿಲಲ್ಲಿ ತಲೆಗೆ ಏನಾದರೂ ಕಟ್ಟಿಕೊ. ನಿನಗೆ ಆಯುಸ್ಸು ಗಟ್ಟಿಯಾಗಿರಲಿ, ಕೊರೆದಲ್ಲೆಲ್ಲ ನೀರು ಸಿಗಲಿ.

ಇಂತಿ,
ನಿನ್ನ ಅಮ್ಮ

ಮರೆತೆ. ಪೈಪು ತುಂಬಿಕೊಂಡು ನಿನ್ನ ಕಡೆ ಹೊರಟ ಲಾರಿ ಡ್ರೈವರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಪತ್ರ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನಿನ್ನ ಹೆಂಡತಿ ನಿನ್ನನ್ನು ಕರೆದಿಲ್ಲ, ಕರೆಯುವುದೂ ಇಲ್ಲ. ಹಠದಲ್ಲಿ ಈ ಮನೆಗೆ ನಾನೊಬ್ಬಳೇ ಎಂದುಕೊಂಡಿದ್ದೆ. ಹೊತ್ತು ಮುಳುಗಿದ ಮೇಲೆ ಗಾಡಿ ಸದ್ದಾದಾಗಲೆಲ್ಲ ಅವಳು ಕೈಯಲ್ಲಿನ ಕೆಲಸ ನಿಲ್ಲಿಸುತ್ತಾಳೆ, ಆಮೇಲೆ ಏನೂ ಆಗದವಳಂತೆ ಮುಂದುವರಿಸುತ್ತಾಳೆ. ಇದನ್ನು ಅಡುಗೆಮನೆಯಲ್ಲಿ ನಿಂತು ದಿನಾ ನೋಡುವುದು ನನ್ನಿಂದ ಆಗುವುದಿಲ್ಲ. ಸ್ವಂತ ಮನೆಗೆ ಬರಲು ಬೋರ್ ಕೆಲಸವೇ ಬೇಕೇನೋ ನಿನಗೆ? ಹಿಂದಕ್ಕೆ ಬರುವಾಗ ಮುಂದಿನ ಸೀಟಿನಲ್ಲಿ ಬೇರೆ ಯಾರನ್ನೂ ಹತ್ತಿಸಿಕೊಳ್ಳಬೇಡ ಎಂದು ಡ್ರೈವರಿಗೆ ಹೇಳಿದ್ದೇನೆ. ಉತ್ತರ ಬರೆಯುತ್ತಾ ಕೂರಬೇಡ, ಆ ಸೀಟಿನಲ್ಲಿ ಕೂತು ಬಾ.