ಔಷಧದ ಪೆಟ್ಟಿಗೆಯೊಳಗಿನ ಚೀಟಿ

ಸಮಡೋಳಿ
೨೦ ನವೆಂಬರ್ ೧೯೩೮

ಪ್ರೀತಿಯ ಸುನಂದಾ,

ನಿನ್ನ ಮೂರೂ ಪತ್ರಗಳು ಬಂದು ಮುಟ್ಟಿವೆ. ಸಿಟ್ಟಾಗಬೇಡ, ಮದುವೆಯಾದ ಕೂಡಲೇ ಗೆಳತಿಯನ್ನು ಮರೆಯುವ ಜಾತಿ ನನ್ನದಲ್ಲ. ಯಾವಾಗಲೂ ಇಂಗ್ಲಿಷಿನಲ್ಲಿ ಬರೆಯುವವಳು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಮುಂದೆ ನಿನಗೇ ತಿಳಿಯುತ್ತದೆ.

ಮೊದಲು ಸಂತೋಷದ ಸುದ್ದಿ. ನಮ್ಮವರು ಎಷ್ಟು ಒಳ್ಳೆಯವರು ಗೊತ್ತೇನೇ! ದಸರೆಯಾದ ಮೇಲೆ ಹರಿಪುರಕ್ಕೆ ಕರೆದೊಯ್ದು ಸಂಗಮದಲ್ಲಿ ದೋಣಿ ಹತ್ತಿಸಿದರು. ದೋಣಿ ಸ್ವಲ್ಪ ವಾಲಿದ್ದೇ ತಡ, ನಾನು ಅವರ ಕೋಟಿನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಹೊಲಿಗೆಯೇ ಬಿಚ್ಚಿತು. ಅಂಬಿಗ ನಕ್ಕೇ ನಕ್ಕ. ಇವರೂ ನಕ್ಕು, ಹರಿದವಳೇ ಹೊಲಿಯಬೇಕು ಅಂದರು.

ಆ ಕೋಟನ್ನು ಹೊಲಿಯಲು ನಾನು ಕೂರಲೇಬಾರದಿತ್ತು.

ಇವರ ಅಜ್ಜಿ ರತ್ನಾಬಾಯಿಯವರ ಬಗ್ಗೆ ಬರೆದಿದ್ದೆನಲ್ಲ, ನಾವೆಲ್ಲ ಆಯಿ ಅನ್ನುತ್ತೇವೆ. ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಬೂನಿನ ಕಾಗದ, ಕಡ್ಡಿಪೆಟ್ಟಿಗೆ, ಇಂಗ್ಲಿಷ್ ಎಲ್ಲಿ ಕಂಡರೂ ಓದಿಸಿ ಅರ್ಥ ಹೇಳಿಸುವರು. ಪಕ್ಕದ ಮನೆಯ ಹಣಮವ್ವನ ಮುಂದೆ, "ನಮ್ಮ ಸೊಸಿ ಕಡ್ಡಿಪೆಟಗಿನೂ ಬಿಡಂಗಿಲ್ಲ ನೋಡ" ಎಂದು ಹೆಮ್ಮೆಪಡುವರು.

ಆಯಿಗೆ ಸಕ್ಕರೆ ರೋಗವಿತ್ತು. ಬಚ್ಚಲ ಕಲ್ಲಿಗೆ ಇರುವೆ ಮುತ್ತುವುದನ್ನು ಅತ್ತೆಯವರು ಮೊದಲೇ ನೋಡಿದ್ದರು. ಕಾಲ್ಬೆರಳಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಮಿರಜದ ಡಾಕ್ಟರು ದಿನಾ ಇಂಜೆಕ್ಷನ್ ಆಗಬೇಕು ಅಂದರು. ಇವರೇ ಕಲಿತುಕೊಂಡು, ಮುಂಜಾನೆ ಸೂಜಿ ಕುದಿಸಿ ಚುಚ್ಚುತ್ತಿದ್ದರು. ಶೀಶೆಯನ್ನು ನೀರಿನ ಕೊಡದ ಕೆಳಗೆ ಒದ್ದೆ ಮರಳಿನಲ್ಲಿ ಇಡುತ್ತಿದ್ದೆವು. ಎರಡು ತಿಂಗಳಲ್ಲಿ ಹುಣ್ಣು ಒಣಗುತ್ತ ಬಂತು. ಆಯಿ ಮತ್ತೆ ಕೊಟ್ಟಿಗೆಯವರೆಗೆ ನಡೆದು, ತಮ್ಮ ಎರಡೂ ಎತ್ತುಗಳಿಗೆ ತಾವೇ ಹಿಂಡಿ ತಿನ್ನಿಸತೊಡಗಿದರು.

ಕೋಟು ಹೊಲಿಯುವಾಗ ಜೇಬಿನಲ್ಲಿ ಆ ಔಷಧದ ಪೆಟ್ಟಿಗೆಯ ಇಂಗ್ಲಿಷ್ ಚೀಟಿ ಸಿಕ್ಕಿತು. ಜೈನರ ಮನೆಯಲ್ಲವೇ, ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ. ಎಲ್ಲರೂ ಕೂತಾಗ ನಾನು ಎಂದಿನಂತೆ ಗತ್ತಿನಿಂದ ಓದಿ ಅರ್ಥ ಹೇಳಿದೆ. ಎಷ್ಟು ತುಂಬಬೇಕು, ಎಲ್ಲಿ ಇಡಬೇಕು. ಆಮೇಲಿನ ಸಾಲು, ಈ ಔಷಧವನ್ನು ಎತ್ತಿನ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆದಿದೆ ಎಂದು. ನನ್ನ ಕಿವಿಗೆ ಬೀಳುವ ಮೊದಲೇ ಮಾತು ಬಾಯಿಂದ ಹೊರಟುಹೋಗಿತ್ತು. ಆಯಿ ತಾಟು ಸರಿಸಿದರು. ಇವರ ಮುಖ ಬಿಳಿಚಿತು. ಡಾಕ್ಟರು ಇವರಿಗೆ ಮೊದಲೇ ಹೇಳಿದ್ದರಂತೆ. ಪ್ರತಿ ಪೆಟ್ಟಿಗೆಯ ಚೀಟಿಯನ್ನೂ ತೆಗೆದು ಮುಚ್ಚಿಡುತ್ತಿದ್ದರಂತೆ.

ಮರುದಿನ ಆಯಿ ತೋಳು ಚಾಚಲಿಲ್ಲ. "ಕೊಟ್ಟಿಗ್ಯಾಗಿನವಕ್ಕ ಹ್ಯಾಂಗ ಮಾರಿ ತೋರಿಸ್ಲೋ ಭೂಪಾಲ?" ಎಂದು ಇವರನ್ನು ಕೇಳಿದರು. ಡಾಕ್ಟರು ಸ್ವತಃ ಬಂದು ಬೇಡಿಕೊಂಡರು. ಮಾವನವರು ಅತ್ತರು. ಆಯಿ ಪ್ರಾಯಶ್ಚಿತ್ತವೆಂದು ದಿನ ಬಿಟ್ಟು ದಿನ ಉಪವಾಸ ಹಿಡಿದರು. ಎರಡನೆಯ ವಾರಕ್ಕೆ ಬೆರಳು ಕಪ್ಪಾಯಿತು, ಜ್ವರ ಬಂತು. ಇಪ್ಪತ್ತೊಂದನೆಯ ದಿನ ಹೋದರು. ಹೋಗುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟು, "ಯಾರೂ ಇಕಿಗೆ ಏನೂ ಅನಬ್ಯಾಡ್ರಿ. ನನ್ನ ಧರ್ಮಾ ಉಳಿಸ್ಯಾಳ" ಅಂದರು.

ಯಾರೂ ಏನೂ ಅನ್ನುವುದಿಲ್ಲ ಸುನಂದಾ. ಇವರು ಈಗಲೂ ಅಷ್ಟೇ ಒಳ್ಳೆಯವರು. ಆದರೆ ಸಾಬೂನು ತಂದರೆ ಮೇಲಿನ ಕಾಗದ ಕಿತ್ತೇ ತರುತ್ತಾರೆ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ. ಹುಟ್ಟಲಿರುವ ನಿನ್ನ ಕೂಸು ನೂರು ಕಾಲ ನಗುತ್ತಿರಲಿ.

ನಿನ್ನ
ಅಲಕಾ

ತಾ.ಕ.: ಇದನ್ನು ಇವರಿಗೂ ಹೇಳಿಲ್ಲ. ಆ ಊಟದ ಮರುದಿನ ನಸುಕಿನಲ್ಲಿ, ಸೂಜಿ ಕುದಿಯಲು ಇಡುವ ಮೊದಲು, ಆಯಿ ನನ್ನೊಬ್ಬಳನ್ನೇ ಕರೆದು ಚೀಟಿಯನ್ನು ಕೈಗೆ ಕೊಟ್ಟರು. "ಇನ್ನೊಮ್ಮೆ ಓದ ಮಗಾ. ಸಣ್ಣ ಅಕ್ಷರ ಅದಾವ, ನೀ ಓದಿದ್ದ ತಪ್ಪಿದ್ರೂ ತಪ್ಪಿರಬೇಕು" ಅಂದರು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಓದಿದೆ. ತಪ್ಪಿಲ್ಲರಿ ಆಯಿ, ಇಂಗ್ಲಿಷಿನ್ಯಾಗ ನಾ ಸಾಲಿಗೇ ಮೊದಲ ಬಂದಾಕಿ, ಅಂದೆ. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲೇ ಇಟ್ಟು, ಸೆರಗಿನಿಂದ ತೋಳು ಮುಚ್ಚಿಕೊಂಡರು.