ಮೂರನೆಯ ತೊಟ್ಟಿ

ಹೆಕ್‌ಮನ್ ರಿಜ್, ಪೆನ್ಸಿಲ್ವೇನಿಯಾ
9 ಅಕ್ಟೋಬರ್ 2019

ಪ್ರೀತಿಯ ನೆಟಿ ಅತ್ತಿಗೆಗೆ,

ಹಾರ್ಲನ್ ಮಾಡುವ ನಮಸ್ಕಾರ. ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಸುಗ್ಗಿ, ಬಿತ್ತನೆ ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ ಉತ್ತರಿಸಲು ಧೈರ್ಯವಾಗಲಿಲ್ಲ. ಕ್ಷಮಿಸಿ.

ಆ ಬೆಳಿಗ್ಗೆ ಕ್ಲೆಮ್ ಅಣ್ಣ ಕುಡಿದಿದ್ದನೇ ಎಂದು ಕೇಳಿದ್ದೀರಿ. ಮೂರು ವರ್ಷದ ಹಿಂದೆ ಅವನು ನಮ್ಮ ವಿಸ್ಕಿ ಭಟ್ಟಿಯ ಹುದುಗಿನ ತೊಟ್ಟಿಯೊಳಗೆ ಸತ್ತಾಗ ಊರೆಲ್ಲ ಹಾಗೇ ಅಂದಿತು. ಇನ್ನು ಕುಡಿಯುವುದಿಲ್ಲವೆಂದು ನಿಮಗೆ ಕೊಟ್ಟ ಮಾತನ್ನು ಮುರಿದನೆಂದು, ಗೋರಿಗೆ ಒಂದು ಹೂವೂ ಇಡದೆ ನೀವು ಒಹಾಯೋಗೆ ಹೊರಟುಹೋದಿರಿ. ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ.

ವಿಸ್ಕಿಗೆಂದು ಬೆಳೆಯುವ ಅಜ್ಜನ ಕಾಲದ ರೈ ಧಾನ್ಯ ಈ ಸಲ ನನ್ನ ತಲೆಗಿಂತ ಎತ್ತರ ಬಂತು. ಕೆಳಗಿನ ಹೊಲದ ಸ್ವೋಪ್ ದನದ ಮೇವಿಗೆಂದು ಪೇಟೆಯ ರೈ ಬಿತ್ತಿದ್ದ. ಅದು ಹೂ ಬಿಟ್ಟರೆ ಪರಾಗ ಗಾಳಿಯಲ್ಲಿ ಹಾರಿಬಂದು ನಮ್ಮ ತಳಿ ಕೆಡುತ್ತದಲ್ಲ, ಕೊಯ್ದುಬಿಡು ಎಂದು ಕೇಳಲು ಹೋದೆ. “ನಿಮ್ಮ ರೈಗೆ ಅದೇನು ಅಷ್ಟೊಂದು ಮಡಿ?” ಎಂದು ನಕ್ಕ. ಆದರೂ ಮರುದಿನವೇ ಕೊಯ್ದ. ನನಗೋಸ್ಕರವಲ್ಲ, ಕ್ಲೆಮ್‌ಗೋಸ್ಕರ ಅಂದ.

ಅಣ್ಣ ತುಂಬಿಸಿದ ಕೊನೆಯ ಪೀಪಾಯಿಯನ್ನು ಹೋದ ತಿಂಗಳು ತೆರೆದೆವು. ಪಿಟ್ಸ್‌ಬರ್ಗ್‌ನಿಂದ ಬಂದ ಗಿರಾಕಿಗಳು ಕರಿಮೆಣಸಿನ ರುಚಿ, ಸುಟ್ಟ ರೊಟ್ಟಿಯ ಘಮ ಎಂದೆಲ್ಲ ಹೊಗಳಿದರು. ನಾನು ಮಾತ್ರ ನನ್ನ ಲೋಟದ ವಿಸ್ಕಿಯನ್ನು ನೆಲಕ್ಕೆ ಚೆಲ್ಲಿದೆ.

ಇನ್ನೊಂದು ಸಂಗತಿ, ನಗಬೇಡಿ. ಉಳಿದ ತೊಟ್ಟಿಗಳು ಎಂದಿನಂತೆ ಬುಳುಬುಳು ಎನ್ನುತ್ತವೆ. ಅಣ್ಣ ಸತ್ತ ಆ ಮೂರನೆಯದು ಹಾಗಲ್ಲ. ಒಂದು ಉದ್ದ ಉಸಿರು ಎಳೆದು ಸುಮ್ಮನಾಗುತ್ತದೆ. ಕೆಲಸದ ಡಾರ್ಕಸ್ ಅದರ ಮುಚ್ಚಳದ ಮೇಲೆ ಕೈಯಿಟ್ಟವಳು ಸರಕ್ಕನೆ ತೆಗೆದಳು. “ಇದ್ರೊಳಗೆ ಯಾರೋ ಸುಸ್ತಾಗಿ ಕೂತಿದಾರೆ, ಹಾರ್ಲನ್” ಅಂದಳು. ಆಮೇಲೆ ಆ ಮೂಲೆಗೆ ಹೋಗಿಲ್ಲ. ನಾನು ದಿನಾ ಹೋಗಿ ಕೂರುತ್ತೇನೆ. ಅಣ್ಣ ಬೈದರೆ ತಡೆದುಕೊಳ್ಳುತ್ತಿದ್ದೆ. ಬೈಯುವುದಿಲ್ಲ, ಬರೀ ಉಸಿರಾಡುತ್ತಾನೆ. ನನಗೆ ಹೆದರಿಕೆಯಾಗುತ್ತದೆ ಅತ್ತಿಗೆ.

ಚಳಿ ಶುರುವಾಯಿತು, ಮೊಣಕಾಲು ಜೋಪಾನ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮೈದುನ,
ಹಾರ್ಲನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಖಾಲಿ ತೊಟ್ಟಿಯ ತಳದಲ್ಲಿ ಹುದುಗಿನಿಂದ ಹುಟ್ಟಿದ, ಉಸಿರು ಕಟ್ಟಿಸಿ ಕೊಲ್ಲುವ ಕೆಟ್ಟ ಗಾಳಿ ನಿಂತಿರುತ್ತದೆ. ತಿಕ್ಕಲು ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುವುದು ನಮ್ಮ ಮನೆಯ ಪದ್ಧತಿ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಅವತ್ತು ಅದು ನನ್ನ ಸರದಿ. ಅಣ್ಣ ಏಣಿಗೆ ಕಾಲಿಟ್ಟು, “ದೀಪ ಬಿಟ್ಟು ನೋಡಿದ್ಯೇನೋ?” ಅಂದ. ಹೂಂ ಅಂದೆ. ನೋಡಿರಲಿಲ್ಲ. ಕುಡಿದಿದ್ದ ಎಂದು ಊರಿಗೆ ಮೊದಲು ಹೇಳಿದವನೂ ನಾನೇ. ಡಾಕ್ಟರ ವರದಿಯನ್ನು ಓದಲಾರೆನೆಂದು ನೀವು ನನ್ನ ಕೈಗೆ ಕೊಟ್ಟಿರಿ. ಅವನ ಮೈಯಲ್ಲಿ ಒಂದು ಹನಿಯೂ ಇರಲಿಲ್ಲವೆಂದು ಅದರಲ್ಲಿ ಬರೆದಿತ್ತು. ನಾನು ಅದನ್ನು ಒಲೆಗೆ ಹಾಕಿದೆ.